ದೇವಾಲಯದ ಚೆಲುವು, ಬಡವರ ಪಾಲು

ಹೊಸ ದೇವಾಲಯದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಈ ಹಣವನ್ನು ಬಡವರಿಗೆ ಕೊಡಬಾರದೇ? ಬೆಥಾನಿಯದಲ್ಲಿ ಮರಿಯಳು ಬೆಲೆಬಾಳುವ ಸುಗಂಧ ತೈಲವನ್ನು ಯೇಸುಸ್ವಾಮಿಯ ಪಾದಗಳಿಗೆ ಹಚ್ಚಿದಾಗಲೂ ಇದೇ ಪ್ರಶ್ನೆ ಕೇಳಿಬಂದಿತ್ತು. ಕೇಳಿದವನು ಯೂದಾಸನೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ಬಲಿಪೀಠವನ್ನು ಸಿಂಗರಿಸಿ, ಹೊರಗೆ ಹಸಿದು ನಿಂತ ಕ್ರಿಸ್ತನನ್ನು ಮರೆಯುವವರನ್ನು ನಾಲ್ಕನೆಯ ಶತಮಾನದಲ್ಲೇ ಸಂತ ಯೊವಾನ್ನ ಕ್ರಿಸೊಸ್ತೋಮರು ಕಟುವಾಗಿ ಎಚ್ಚರಿಸಿದ್ದರು.

ಈ ಪ್ರಶ್ನೆಯನ್ನು ಮನದಲ್ಲಿಟ್ಟುಕೊಂಡೇ ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ನೋಡಬೇಕು. ಅದರ ಹಿರಿಮೆ ಇರುವುದು ಹೊರಗಿನ ಆಡಂಬರದಲ್ಲಲ್ಲ, ಒಳಗಿನ ಚಿತ್ರಗಳಲ್ಲಿ. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು 1899ರಲ್ಲಿ ಇಲ್ಲಿ ಕುಂಚ ಹಿಡಿದರು. ಗೋಡೆಗಳಿಗೆ ಹಸಿಗಾರೆಯ ಭಿತ್ತಿಚಿತ್ರ, ಛಾವಣಿಗೆ ಕ್ಯಾನ್ವಾಸಿನ ಮೇಲೆ ತೈಲವರ್ಣ. ಗಾರೆ ಆರುವ ಮುನ್ನವೇ ಬಣ್ಣ ಕೂರಬೇಕಾದ ಆ ಕೆಲಸದಲ್ಲಿ ಅಲಕ್ಷ್ಯಕ್ಕೆ ಎಡೆಯಿಲ್ಲ. ಅಲ್ಲಿ ಧಾರಾಳವಾಗಿ ವ್ಯಯವಾದದ್ದು ಒಬ್ಬ ಸನ್ಯಾಸಿಯ ತಾಳ್ಮೆ. ಆ ಚಿತ್ರಗಳು ಯಾರ ಬಾಳನ್ನು ಸಾರುತ್ತವೆ? ರಾಜಮನೆತನದ ಹಕ್ಕನ್ನು ತ್ಯಜಿಸಿ, ರೋಮ್ ನಗರದಲ್ಲಿ ಪ್ಲೇಗ್ ಪೀಡಿತರ ಸೇವೆಗೈದು, 1591ರಲ್ಲಿ ಇಪ್ಪತ್ಮೂರರ ಹರೆಯದಲ್ಲೇ ಮಡಿದ ಅಲೋಶಿಯಸ್ ಗೊನ್ಜಾಗರ ಬಾಳನ್ನು. ಆ ಚೆಲುವು ನೋಡುಗನನ್ನು ಮತ್ತೆ ಬೀದಿಯ ರೋಗಿಯ ಬಳಿಗೇ ಕಳುಹಿಸುತ್ತದೆ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ದೈವಾರಾಧನಾ ಸಂವಿಧಾನದಲ್ಲಿ ಬರಿಯ ವೈಭವಕ್ಕಿಂತ ಉದಾತ್ತ ಸೌಂದರ್ಯವನ್ನು ಅರಸುವಂತೆ ಸೂಚಿಸಿತು. ನಾವಾದರೋ ಇವೆರಡನ್ನೂ ಒಂದೇ ಎಂದು ಬಗೆದಿದ್ದೇವೆ. ಥಳಥಳಿಸುವ ಗ್ರಾನೈಟ್, ಮುಗಿಲು ಮುಟ್ಟುವ ಗೋಪುರ, ದಾನಿಗಳ ಹೆಸರಿನ ಉದ್ದನೆಯ ಫಲಕ. ಒಳಗೆ ಮಾತ್ರ ಪ್ರತಿಧ್ವನಿಯಲ್ಲಿ ಶುಭಸಂದೇಶವೇ ಕಲಸಿಹೋಗುತ್ತದೆ. ನಾನು ಗುರುವಾಗಿದ್ದ ಧರ್ಮಕೇಂದ್ರವೊಂದರಲ್ಲಿ ಎತ್ತರದ ಗೋಪುರಕ್ಕೆ ಒಪ್ಪಿಗೆಯಿತ್ತವನು ನಾನೇ. ಮೊದಲ ಮಳೆಗಾಲಕ್ಕೇ ಮಾಡು ಸೋರಿತು. ದುರಸ್ತಿಗೆ ಹೋದದ್ದು ಬಡಮಕ್ಕಳ ಶಾಲಾಶುಲ್ಕಕ್ಕೆಂದು ತೆಗೆದಿರಿಸಿದ್ದ ಹಣ. ಅಂದು ಬಡವರ ಪಾಲನ್ನು ಕಸಿದದ್ದು ಸೌಂದರ್ಯವಲ್ಲ, ನನ್ನ ಪ್ರತಿಷ್ಠೆ.

ಆದುದರಿಂದ ಉತ್ತಮ ದೇವಾಲಯ ಬೇಡವೆನ್ನಲಾರೆ. ಸೋರದ ಮಾಡು, ಕೊನೆಯ ಬೆಂಚಿಗೂ ತಲುಪುವ ದೇವರ ವಾಕ್ಯ, ವೃದ್ಧರು ಏರಬಲ್ಲ ಮೆಟ್ಟಿಲು, ಕಣ್ಣನ್ನು ಬಲಿಪೀಠದತ್ತ ಸೆಳೆಯುವ ಬೆಳಕು: ಇವಕ್ಕೆ ತಗಲುವ ವೆಚ್ಚ ದುಂದಲ್ಲ. ಒಂದು ಕೋಣೆಯ ಮನೆಯಲ್ಲಿ ಬಾಳುವ ಕೂಲಿಕಾರನಿಗೂ ತನ್ನದೆಂದು ಹೇಳಿಕೊಳ್ಳಲು ಒಂದು ಚೆಲುವಾದ ಮನೆ ಬೇಡವೇ? ಆದರೆ ನಕ್ಷೆಗೆ ಸಹಿ ಹಾಕುವ ಮುನ್ನ ಆ ಕೂಲಿಕಾರನನ್ನೂ ಸಭೆಗೆ ಕರೆದು ಕೇಳೋಣ. ಅವನ ಮಗುವಿನ ಶುಲ್ಕಕ್ಕೆ ಕೈಹಾಕದೆ ಕಟ್ಟಲಾಗದಿದ್ದರೆ, ಗೋಪುರ ಕಾಯಲಿ.