ಕಾರ್ಯಾಚರಣ ವ್ಯವಸ್ಥೆ ಎಂಬುದರ ಲಕ್ಷಣ: ಒಂದು ವಿಮರ್ಶೆ

ಗಣಕಯಂತ್ರದ ಆಪರೇಟಿಂಗ್ ಸಿಸ್ಟಂ ಎಂಬುದನ್ನು ಕಾರ್ಯಾಚರಣ ವ್ಯವಸ್ಥೆ ಎಂದು ಕನ್ನಡಿಸಿ, ಅದು ಬಳಸುವವನಿಗೂ ಯಂತ್ರಕ್ಕೂ ನಡುವಣ ಮಧ್ಯವರ್ತಿ ಎಂದು ಲಕ್ಷಣ ಹೇಳುವುದು ಪಠ್ಯಪುಸ್ತಕಗಳಲ್ಲಿ ರೂಢಿಯಾಗಿದೆ. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವುಂಟು. ಚನ್ನಗಿರಿಯ ತಾಲ್ಲೂಕು ಕಚೇರಿಯಲ್ಲಿ ಪಹಣಿಗಾಗಿ ನಿಂತ ರೈತನಿಗೂ ಯಂತ್ರಕ್ಕೂ ನಡುವೆ ಕುಳಿತಿರುವ ಗುಮಾಸ್ತನೂ ಮಧ್ಯವರ್ತಿಯೇ ಅಲ್ಲವೆ? ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಈ ಚರ್ಚೆ ಏಕೆಂದು ಕೇಳುವವರಿರಬಹುದು. ದಾಖಲೆಗಳು ದಫ್ತರದಿಂದ ಯಂತ್ರಕ್ಕೆ ಸೇರಿದ ಮೇಲೆ ಅವುಗಳನ್ನು ಕಾಯುವುದು ಯಾವುದು, ಓದಿಸುವುದು ಯಾವುದು ಎಂಬುದು ಆಕರವಿಮರ್ಶೆಯ ಪ್ರಶ್ನೆಯೇ ಆಗಿದೆ.

ಆದಿಯಲ್ಲಿ ಯಂತ್ರವಿತ್ತು, ವ್ಯವಸ್ಥೆಯಿರಲಿಲ್ಲ. ಒಬ್ಬರ ಲೆಕ್ಕ ಮುಗಿದೊಡನೆ ಮತ್ತೊಬ್ಬರ ಲೆಕ್ಕವನ್ನು ಹೂಡುವ ಕೆಲಸ ಮನುಷ್ಯನದಾಗಿತ್ತು. ೧೯೪೯ರಲ್ಲಿ ಕೇಂಬ್ರಿಜ್ಜಿನಲ್ಲಿ ನಡೆಯತೊಡಗಿದ ಎಡ್ಸ್ಯಾಕ್ ಯಂತ್ರದಲ್ಲಿ ಕಾಗದದ ಪಟ್ಟಿಯಿಂದ ಕ್ರಮವಿಧಿಯನ್ನು ಒಳಗೆ ತರುವ ೩೧ ‘ಮೊದಲ ಆಜ್ಞೆ’ಗಳಿದ್ದುವು. ಇವನ್ನೇ ಮೊದಲ ಕಾರ್ಯಾಚರಣ ವ್ಯವಸ್ಥೆ ಎನ್ನಬಹುದೆಂದು ತೋರೀತು. ನಾವು ಹಾಗೆನ್ನಲಾರೆವು. ಅವು ಅತಿಥಿಯನ್ನು ಒಳಗೆ ಬಿಟ್ಟು ತಾವು ಹೊರಟುಹೋಗುವ ದ್ವಾರಪಾಲಕರು; ಅವುಗಳಿದ್ದ ಜಾಗವನ್ನು ಬಂದ ಕ್ರಮವಿಧಿಯೇ ಆಕ್ರಮಿಸಿಕೊಳ್ಳಬಹುದಾಗಿತ್ತು. ೧೯೫೬ರಲ್ಲಿ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳವರು ಐಬಿಎಂ ೭೦೪ ಯಂತ್ರಕ್ಕೆ ರಚಿಸಿದ ವ್ಯವಸ್ಥೆಯ ರೀತಿ ಬೇರೆ. ಒಂದು ಕೆಲಸ ಮುಗಿದಾಗ ಯಂತ್ರದ ಅಧಿಕಾರ ಅದಕ್ಕೆ ಮರಳುತ್ತಿತ್ತು. ಅದು ಮುಂದಿನ ಕೆಲಸವನ್ನು ತಾನೇ ಕರೆಯುತ್ತಿತ್ತು. ೧೯೬೧ರಲ್ಲಿ ಎಂಐಟಿಯಲ್ಲಿ ಕಾರ್ಬಾಟೋ ಮೊದಲಾದವರು ತೋರಿಸಿದ ಸಿಟಿಎಸ್ಎಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸ ಮುಗಿಯುವುದಕ್ಕೆ ಮೊದಲೇ ಅಧಿಕಾರವನ್ನು ಕಿತ್ತುಕೊಂಡು ಸರದಿಯಂತೆ ಹಲವರಿಗೆ ಹಂಚಿತು.

ಆದುದರಿಂದ ಬಳಸುವವನ ಕ್ರಮವಿಧಿ ಮುಗಿದಾಗ ಅಧಿಕಾರ ಯಾವುದಕ್ಕೆ ಮರಳುತ್ತದೆ ಎಂಬ ಪ್ರಶ್ನೆಯೇ ಮಧ್ಯವರ್ತಿಯ ಮಾತಿಗಿಂತ ಮೇಲಾದ ಒರೆಗಲ್ಲೆಂದು ನಮಗೆ ತೋರುತ್ತದೆ. ೧೯೮೧ರ ಡಾಸ್ ದುರ್ಬಲವಾದರೂ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ. ೧೯೯೨ರ ವಿಂಡೋಸ್ ೩.೧ನ್ನು ಮುಚ್ಚಿದರೆ ಮರಳಿ ಕಾಣುತ್ತಿದ್ದುದು ಡಾಸ್. ಚಿತ್ರಗಳ ಆಡಂಬರವೆಷ್ಟಿದ್ದರೂ ಅದನ್ನು ಮೇಲುಹೊದಿಕೆಯೆಂದೇ ಎಣಿಸಬೇಕಾಗುತ್ತದೆ.

ಇದೇ ಪರೀಕ್ಷೆಯನ್ನು ನಮ್ಮ ಜಿಲ್ಲೆಯ ‘ಭೂಮಿ’ಗೆ ಅನ್ವಯಿಸಿ ನೋಡೋಣ. ಈ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಯಂತ್ರಕ್ಕೆ ಸೇರಿದುವು. ಬಳಿಕ ಕೈಬರಹದ ಪಹಣಿಗೆ ಮಾನ್ಯತೆ ಉಳಿಯಲಿಲ್ಲ. ಆಗ ಒಂದು ಪ್ರತಿಗೆ ೧೫ ರೂಪಾಯಿ. ತಿದ್ದುಪಡಿ ಮಾಡುವ ಅಧಿಕಾರಿ ಬೆರಳಚ್ಚು ಒತ್ತಬೇಕಾಗಿತ್ತು. ಜಗಳೂರಿನ ರೈತನಿಗೆ ಗಣಕಯಂತ್ರವೆಂದರೆ ಭೂಮಿಯೇ. ಅದರ ಕೆಳಗೆ ವಿಂಡೋಸ್ ಎಂಬುದೊಂದಿದೆಯೆಂದು ಅವನು ತಿಳಿಯಬೇಕಾಗಿಯೂ ಇರಲಿಲ್ಲ. ಆದರೂ ಭೂಮಿ ಕಾರ್ಯಾಚರಣ ವ್ಯವಸ್ಥೆಯಲ್ಲ. ಅದನ್ನು ಮುಚ್ಚಿದರೆ ಅಧಿಕಾರ ವಿಂಡೋಸಿಗೆ ಮರಳುತ್ತದೆ. ಇನ್ನೊಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ದಾವಣಗೆರೆಗೆ ಬಂದುದು ೧೯೯೭ರಲ್ಲಿ, ಯಂತ್ರಕ್ಕೆ ಮೊದಲು. ಅಂದು ಬದಲಾದುದು ಕಾಗದ. ಭೂಮಿ ಬಂದಾಗ ಹೊನ್ನಾಳಿಗೆ ಸೇರಿದ್ದ ನ್ಯಾಮತಿ ಬೇರೆ ತಾಲ್ಲೂಕಾದುದು ಯಂತ್ರದ ಕಾಲದಲ್ಲಿ. ಗ್ರಾಮವೊಂದು ಯಾವ ತಾಲ್ಲೂಕಿನದೆಂಬುದು ಭೂಮಿಗೆ ತಿಳಿದಿರಬೇಕಾದ ಸಂಗತಿ. ವಿಂಡೋಸಿಗೆ ಹೊನ್ನಾಳಿಯೂ ನ್ಯಾಮತಿಯೂ ಬರಿಯ ಸಂಕೇತಗಳ ಸಾಲು.

ನಮ್ಮ ಒರೆಗಲ್ಲಿಗೂ ಒಂದು ಮಿತಿಯಿದೆ. ಅದನ್ನೇ ಹಿಡಿದು ಹೋದರೆ ತಿರುಳೊಂದೇ ವ್ಯವಸ್ಥೆಯಾಗಿ ಉಳಿದುದೆಲ್ಲ ಅಲಂಕಾರವಾಗುತ್ತದೆ. ೧೯೯೧ರಲ್ಲಿ ಟೊರ್ವಾಲ್ಡ್ಸ್ ಬರೆದುದು ತಿರುಳು ಮಾತ್ರ, ಪೂರ್ಣ ವ್ಯವಸ್ಥೆಗೆ ಗ್ನೂ ಹೆಸರೂ ಸೇರಬೇಕೆಂದು ಸ್ಟಾಲ್ಮನ್ ವಾದಿಸುತ್ತ ಬಂದಿದ್ದಾರೆ. ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿಯೂ ತಿರುಳು ಲಿನಕ್ಸೇ. ಆದರೆ ಅದನ್ನು ಲಿನಕ್ಸ್ ಫೋನೆಂದು ಯಾರೂ ಕರೆಯರು. ೧೯೯೮ರಲ್ಲಿ ಅಮೆರಿಕದ ಸರ್ಕಾರ ಮೈಕ್ರೋಸಾಫ್ಟಿನ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ಜಾಲವೀಕ್ಷಕವೂ ವ್ಯವಸ್ಥೆಯ ಅಂಗವೆಂದು ಆ ಸಂಸ್ಥೆ ವಾದಿಸಿತು. ಲಕ್ಷಣವನ್ನು ಹಿಗ್ಗಿಸುವುದರಲ್ಲಿ ವ್ಯಾಪಾರಿಗೆ ಲಾಭವಿರುತ್ತದೆಂಬುದನ್ನು ಮರೆಯಲಾಗದು. ಆದರೂ ಎಲ್ಲ ಯಂತ್ರಗಳಲ್ಲಿಯೂ ಇದ್ದೇ ಇರುತ್ತದೆಂದು ಕ್ರಮವಿಧಿ ಬರೆಯುವವನು ನಂಬಬಹುದಾದುದನ್ನು ವ್ಯವಸ್ಥೆಯೊಳಗೆ ಎಣಿಸುವುದು ನ್ಯಾಯ.

ಈ ಎರಡನೆಯ ಲಕ್ಷಣ ಕನ್ನಡಿಗರಿಗೆ ಬರಿಯ ತರ್ಕವಾಗಿರಲಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ವಿಂಡೋಸಿನೊಳಗೆ ಕನ್ನಡ ಬಂದುದು ೨೦೦೧ರ ಎಕ್ಸ್‌ಪಿಯೊಡನೆ. ಅದಕ್ಕೆ ಮುನ್ನ ಕನ್ನಡ ವ್ಯವಸ್ಥೆಯ ಹೊರಗಿತ್ತು. ೧೯೯೮ರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಿ ಕೆಲಸ ನಡೆಸಿದುವು. ಅದೊಂದು ಉಪಾಯ, ಆ ಕಾಲಕ್ಕೆ ಮಹೋಪಕಾರವೂ ಹೌದು. ಆದರೆ ತೆರೆಯ ಮೇಲೆ ಕನ್ನಡ ಕಂಡರೂ ಯಂತ್ರ ಬಲ್ಲುದು ಇಂಗ್ಲಿಷ್ ಅಕ್ಷರವನ್ನೇ. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಅಂಥ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಹುಡುಕಿದರೆ ಒಂದು ಊರಿನ ಹೆಸರೂ ಸಿಕ್ಕದು. ಆ ವರ್ಷಗಳ ಗ್ರಾಮಚರಿತ್ರೆ, ಸಂಘಸಂಸ್ಥೆಗಳ ವರದಿ, ಅಚ್ಚಿಗೆ ಸಿದ್ಧಪಡಿಸಿದ ಶಾಸನಪಾಠ ಇವುಗಳ ಕಡತ ಕೈಗೆ ಬಂದಾಗ ನಮ್ಮ ವಿದ್ಯಾರ್ಥಿಗಳು ಅದು ಯಾವ ಸಂಕೇತದಲ್ಲಿದೆಯೆಂದು ಮೊದಲು ಗುರುತು ಹಾಕಿಕೊಳ್ಳಬೇಕು. ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು, ಮುಖ್ಯವಾಗಿ ಅರ್ಕಾವೊತ್ತನ್ನು, ಮೂಲ ಅಚ್ಚಿನ ಪ್ರತಿಯೊಡನೆ ಹೋಲಿಸಿ ನೋಡಬೇಕು.