ಕಿರ್ದಿ ಇಲ್ಲದ ಕಲೆ

ಶಿರಸಿಯ ಮಾರಾಟ ಸಂಘದ ಅಂಗಳಕ್ಕೆ ಬಂದ ಅಡಿಕೆ ಚೀಲ ಹೆಸರಿಲ್ಲದೆ ಕೈ ಬದಲಾಗುವುದಿಲ್ಲ. ಅದು ಯಾವ ಊರಿನ ಯಾರ ತೋಟದ್ದು, ರಾಶಿಯೋ ಬೆಟ್ಟೆಯೋ ಚಾಲಿಯೋ, ತೂಕವೆಷ್ಟು, ಟೆಂಡರಿನಲ್ಲಿ ಯಾರು ಯಾವ ದರಕ್ಕೆ ಹಿಡಿದರು ಎಂಬುದೆಲ್ಲ ಬರೆದಿಟ್ಟ ಲೆಕ್ಕ. 1923ರಲ್ಲಿ ತೋಟಗಾರರೇ ಸೇರಿ ಕಟ್ಟಿಕೊಂಡ ಸಂಘ ನೂರು ವರ್ಷ ದಾಟಿ ನಿಂತಿದ್ದರಲ್ಲಿ ಈ ಲೆಕ್ಕದ ಶಿಸ್ತಿನ ಪಾಲು ದೊಡ್ಡದು. ಅದೇ ಪೇಟೆಯ ಮಾರಿಕಾಂಬಾ ದೇವಸ್ಥಾನದಲ್ಲಿ ನಿಂತು, ಗೋಡೆಯ ಮೇಲಿನ ಈ ಕಾವಿ ಚಿತ್ರ ಯಾರ ಕೈಯದು ಎಂದು ಕೇಳಿ ನೋಡಿ. ‘ಹಿಂದಿನವರದ್ದು’ ಎಂಬಷ್ಟಕ್ಕೆ ಉತ್ತರ ಮುಗಿಯುತ್ತದೆ. ಸಿದ್ದಾಪುರದ ಹಳೇ ಮನೆಯೊಂದರ ಗಂಧದ ಪೆಟ್ಟಿಗೆಯ ಬಗ್ಗೆ ಕೇಳಿದರೂ ಅಷ್ಟೇ, ‘ಗುಡಿಗಾರರದ್ದು’ ಎನ್ನುತ್ತಾರೆ. ಜಾತಿಯ ಹೆಸರು ಸಿಗುತ್ತದೆ, ಮನುಷ್ಯನ ಹೆಸರು ಸಿಗುವುದಿಲ್ಲ.

ಇದನ್ನು ನಾವು ಬಹುಕಾಲ ಗುಣವೆಂದೇ ಹೊಗಳಿದೆವು. ಕಲಾವಿದ ತನ್ನನ್ನು ಅಳಿಸಿಕೊಂಡ, ಪರಂಪರೆ ಮಾತ್ರ ಉಳಿಯಿತು ಎಂದು ಬರೆದೆವು. ಈ ಹೊಗಳಿಕೆಯಿಂದ ಘಟ್ಟದ ಕಲೆಗೆ ಅನ್ಯಾಯವಾಗಿದೆ ಎಂಬುದು ನನ್ನ ವಾದ. ಕಲಾವಿದ ತನ್ನನ್ನು ಅಳಿಸಿಕೊಳ್ಳಲಿಲ್ಲ, ಅವನ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ.

ಆಧುನಿಕ ಕಲೆಯ ಚರಿತ್ರೆ ಎಷ್ಟರ ಮಟ್ಟಿಗೆ ಗ್ಯಾಲರಿ ಮಾಲೀಕರ ಕಾಗದಪತ್ರಗಳ ಮೇಲೆ ನಿಂತಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಲಿಯೋ ಕ್ಯಾಸ್ಟೆಲಿ 1957ರಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲೇ ಗ್ಯಾಲರಿ ತೆರೆದ. ಜಾಸ್ಪರ್ ಜಾನ್ಸ್, ರಾಬರ್ಟ್ ರಾಷೆನ್‌ಬರ್ಗ್ ಅವರಂಥವರನ್ನು ಜಗತ್ತಿಗೆ ತೋರಿಸಿ 1999ರಲ್ಲಿ ತೀರಿಕೊಂಡ. ಅವನ ಗ್ಯಾಲರಿಯ ದಾಖಲೆಗಳು ಇಂದು ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಕಲಾ ದಾಖಲೆ ಭಂಡಾರದಲ್ಲಿವೆ. ರಸೀದಿ, ಪತ್ರ, ಛಾಯಾಚಿತ್ರ, ಸಾಗಣೆಯ ಚೀಟಿ ಎಲ್ಲವೂ ಆ ಕಡತಗಳಿಗೆ ಸೇರಿದವು. ವ್ಯಾಪಾರಕ್ಕೆಂದು ಇಟ್ಟುಕೊಂಡ ಈ ಕಾಗದಗಳು ಮುಂದೆ ವಿಮರ್ಶೆಯ ನೆಲೆಗಟ್ಟಾದವು. ಒಂದು ಚಿತ್ರ ಇನ್ನೊಂದಕ್ಕಿಂತ ಮೊದಲಿನದೇ, ಮಾರಾಟವಾಗದೆ ಎಷ್ಟು ಕಾಲ ಉಳಿಯಿತು, ಕೊಂಡವರು ಕೇಳಿದ ಮೇಲೆ ಕಲಾವಿದ ತನ್ನ ದಾರಿ ಬದಲಿಸಿದನೇ ಎಂಬ ಪ್ರಶ್ನೆಗಳಿಗೆ ಊಹೆಯಿಲ್ಲದೆ ಉತ್ತರ ಕೊಡಬಲ್ಲವು ಇಂಥ ಕಾಗದಗಳೇ.

ನಮಗೆ ಹತ್ತಿರದ ಉದಾಹರಣೆ ಮುಂಬಯಿಯದು. ಕೇಕೂ ಗಾಂಧಿ 1941ರಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುವ ಕೆಮೋಲ್ಡ್ ಶುರುಮಾಡಿ, 1963ರಲ್ಲಿ ಜಹಾಂಗೀರ್ ಕಲಾಮಂದಿರದ ಮಹಡಿಯಲ್ಲಿ ಅದೇ ಹೆಸರಿನ ಗ್ಯಾಲರಿ ತೆರೆದರು. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಹೋದ ಕೆ.ಕೆ. ಹೆಬ್ಬಾರರು ಹೆಸರು ಮಾಡಿದ್ದೂ ಅದೇ ಮುಂಬಯಿಯ ಕಲಾಲೋಕದಲ್ಲಿ. 2022ರಲ್ಲಿ ಜೆರಿ ಪಿಂಟೊ ಗಾಂಧಿ ಕುಟುಂಬದ ಮತ್ತು ಕೆಮೋಲ್ಡಿನ ಕಥೆಯನ್ನೇ ಒಂದು ಪುಸ್ತಕವಾಗಿ ಬರೆದರು. ಬೆಂಗಳೂರಿನಲ್ಲಿ ಕೆ. ವೆಂಕಟಪ್ಪನವರದು ಬೇರೆ ಬಗೆ. ಅವರ ಪಾಲಿಗೆ ಗ್ಯಾಲರಿ ಮಾಲೀಕನಿರಲಿಲ್ಲ, ಆದರೆ ಸ್ವತಃ ದಿನಚರಿ ಬರೆದಿಟ್ಟರು. ಇತಿಹಾಸಕಾರ್ತಿ ಜಾನಕಿ ನಾಯರ್ ಅವರು ಆ ದಿನಚರಿಗಳನ್ನು ಓದಿದ್ದರಿಂದ, ಮೈಸೂರು ಅರಮನೆಗೂ ಕಲಾವಿದನಿಗೂ ನಡುವೆ ಇದ್ದ ಜಗ್ಗಾಟ ನಮಗೆ ತಿಳಿಯಿತು. ‘ಋಷಿಯಂಥ ಕಲಾವಿದ’ ಎಂಬ ಸುಲಭದ ಚಿತ್ರ ಅಲ್ಲಿಗೆ ಬದಲಾಯಿತು.

ಗುಡಿಗಾರರ ಬಗ್ಗೆ ಇಂಥ ಒಂದು ಕಾಗದ ನಮ್ಮ ಕೈಯಲ್ಲಿದ್ದಿದ್ದರೆ!

ಅವರ ಕಲೆ ಹರಡಿರುವುದು ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ, ಸಾಗರ, ಸೊರಬಗಳಲ್ಲಿ. ಗೋವೆಯ ಕಡೆಯಿಂದ ಬಂದವರೆಂಬ ನಂಬಿಕೆಯನ್ನು ಹಳೆಯ ಗ್ಯಾಸೆಟಿಯರುಗಳು ದಾಖಲಿಸಿವೆ. ಗಂಧ, ದಂತ, ಕರಿಮರದ ಕೆತ್ತನೆ ಅವರದು. ಬೆಂಡಿನ ಬಾಸಿಂಗ ಅವರದು, ಚೌತಿಯ ಗಣಪತಿಯೂ ಅವರದೇ. ಕೆತ್ತನೆಯ ಗುಣವನ್ನು ಅಳೆಯುವುದಾದರೆ ಮೊದಲು ಮರದಿಂದ ಹೊರಡಬೇಕು. ಶ್ರೀಗಂಧ ದೊಡ್ಡ ಸುತ್ತಳತೆಯ ಮರವಲ್ಲ. ಹೊರಗಿನ ಬಿಳಿ ಭಾಗಕ್ಕೆ ಪರಿಮಳವಿಲ್ಲ, ಕೆಲಸಕ್ಕೆ ಬರುವುದು ಒಳಗಿನ ಚೇಗು ಮಾತ್ರ. ಅಗಲ ಹಲಗೆ ಸಿಗದ ಕಾರಣ ಈ ಕಲೆ ದೊಡ್ಡ ಮೂರ್ತಿಗಿಂತ ಪೆಟ್ಟಿಗೆಯ ಕಡೆಗೆ ಒಲಿಯಿತು ಎಂದು ನನಗನಿಸುತ್ತದೆ. ಸಣ್ಣ ಸಣ್ಣ ಹಲಗೆಗಳನ್ನು ಜೋಡಿಸಿ, ಜೋಡಣೆ ಕಾಣದಂತೆ ಮೈತುಂಬ ಬಳ್ಳಿ ಹಬ್ಬಿಸುವುದು ಅವರ ಕ್ರಮ. ಆ ಬಳ್ಳಿಯ ನಡುವೆ ಒಂದು ದುಂಡು ಚೌಕಟ್ಟು, ಚೌಕಟ್ಟಿನೊಳಗೆ ದೇವತೆ, ಅಲ್ಲಲ್ಲಿ ಆನೆ, ಹುಲಿ, ಹಕ್ಕಿ. ಎಣ್ಣೆಯಂಶವಿರುವ ಒತ್ತಾದ ಎಳೆಯ ಮರವಾದ್ದರಿಂದ ಸೂಜಿಯಷ್ಟು ಸಣ್ಣ ಉಳಿಯೂ ಅಂಚು ಮುರಿಯದೆ ಓಡುತ್ತದೆ.

ಈ ಪರಂಪರೆಯ ನಿಜವಾದ ಶಕ್ತಿ ಆ ಬಳ್ಳಿಯಲ್ಲಿದೆ, ದೇವತೆಯಲ್ಲಿಲ್ಲ. ಹಳೆಯ ಒಳ್ಳೆಯ ಪೆಟ್ಟಿಗೆಗಳಲ್ಲಿ ಎಲೆಯೊಂದು ಇನ್ನೊಂದರ ಕೆಳಗೆ ನುಸುಳಿ ಮೂರನೆಯದರ ಮೇಲೆ ಏಳುವ ರೀತಿ ನೋಡಿದರೆ, ಕೆತ್ತಿದವನಿಗೆ ಇಡೀ ಮೇಲ್ಮೈ ಒಮ್ಮೆಗೇ ಕಂಡಿತ್ತೆಂದು ಗೊತ್ತಾಗುತ್ತದೆ. ಅದೇ ಪೆಟ್ಟಿಗೆಯ ಕೃಷ್ಣನೋ ಸರಸ್ವತಿಯೋ ಎಷ್ಟೋ ಸಲ ಪಟ ನೋಡಿ ಇಳಿಸಿದಂತೆ ಬಿಗಿಯಾಗಿರುತ್ತಾರೆ. ಮುಂದೆ ಕರಕುಶಲ ಅಂಗಡಿಗಳ ಬೇಡಿಕೆ ಬಂತು. ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಹುಟ್ಟಿದ್ದು 1964ರಲ್ಲಿ. ಅದರ ಕಾವೇರಿ ಮಳಿಗೆಗಳ ಮೂಲಕ ಕುಟುಂಬಗಳಿಗೆ ಅನ್ನ ಸಿಕ್ಕಿತು, ಇದು ಸಣ್ಣ ಮಾತಲ್ಲ. ಆದರೆ ಕೊಳ್ಳುವವರಿಗೆ ಬೇಕಾದದ್ದು ಮೇಜಿನ ಮೇಲಿಡುವ ಗಣಪತಿ. ಪರಂಪರೆ ತನ್ನ ಬಲ ಕಡಿಮೆ ಇದ್ದ ಕಡೆಗೇ ತಳ್ಳಲ್ಪಟ್ಟಿತು, ಬಳ್ಳಿ ಪೀಠದ ಅಂಚಿಗೆ ಸರಿಯಿತು. ಗಂಧ ದುಬಾರಿಯಾದಂತೆ ಶಿವನೆ ಮರ ಬಂತು. ಅದರ ಎಳೆ ಆ ಸೂಕ್ಷ್ಮವನ್ನು ತಾಳುವುದಿಲ್ಲ.

ಈ ತೀರ್ಪನ್ನು ನಾನು ಕೊಡಬಲ್ಲೆ, ಸಾಬೀತು ಮಾಡಲಾರೆ. ಸಾಬೀತಿಗೆ ವರ್ಷ ಬೇಕು, ಹೆಸರು ಬೇಕು, ಯಾರು ಏನು ಕೇಳಿದರು ಎಂಬುದು ಬೇಕು. ದಾಖಲೆಯ ವಿಚಾರದಲ್ಲಿ ಗುಡಿಗಾರರಿಗೆ ಇನ್ನೊಂದು ಕಷ್ಟವೂ ಒದಗಿತು. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಹೋಯಿತು, ಸೊರಬ-ಸಾಗರ ಮೈಸೂರು ಸಂಸ್ಥಾನದಲ್ಲೇ ಉಳಿದವು. ಒಂದೇ ಸಮುದಾಯದ ಕೆಲಸ ಎರಡು ಸರ್ಕಾರಗಳ ಪುಸ್ತಕದಲ್ಲಿ ಹಂಚಿಹೋಯಿತು. ಸೊರಬದವರನ್ನು ಲೂಯಿ ರೈಸ್ ತನ್ನ ಮೈಸೂರು ಗ್ಯಾಸೆಟಿಯರಿನಲ್ಲಿ ವರ್ಣಿಸಿದ, ಕೆನರಾದವರನ್ನು 1883ರ ಬೊಂಬಾಯಿ ಗ್ಯಾಸೆಟಿಯರ್ ವರ್ಣಿಸಿತು. ಮೈಸೂರಿಗೆ ಮಹಾರಾಜರಿದ್ದರು, ಪ್ರದರ್ಶನಗಳಿಗೆ ಕಳಿಸಿದರು, ‘ಮೈಸೂರು ಗಂಧದ ಕೆತ್ತನೆ’ ಎಂಬ ಹೆಸರು ನಿಂತಿತು. ಕೆನರಾದ ಕೆಲಸಕ್ಕೆ ಅಂಥ ಆಸರೆ ಇರಲಿಲ್ಲ. ಇಂಗ್ಲಿಷ್ ವ್ಯಾಪಾರಿಗಳು ‘ಬಾಂಬೆ ಬಾಕ್ಸ್’ ಎಂದು ಕರೆದ ಪೆಟ್ಟಿಗೆಗಳಲ್ಲಿ ಗಂಧದ ಕೆತ್ತನೆ ಇರುವಂಥವೂ ಇವೆ. ಅಂಥದೊಂದು ಎದುರಿಗಿದ್ದಾಗ ಕೆತ್ತಿದ್ದು ಸೂರತ್ತಿನ ಕೈಯೋ ಕುಮಟೆಯ ಕೈಯೋ ಎಂದು ಬರೀ ಕಣ್ಣಿನಿಂದ ಹೇಳುವುದು ಕಷ್ಟ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಂಥ ಕಡೆಗಳಲ್ಲಿ ಇರುವ ನಮ್ಮ ನಾಡಿನ ಗಂಧದ ಕೆಲಸಗಳಿಗೆ ಊರಿನ ಹೆಸರು ಸಿಕ್ಕರೆ ಭಾಗ್ಯ, ಕೆತ್ತಿದವನ ಹೆಸರು ಬಲು ಅಪರೂಪ.

ಇಷ್ಟಾಗಿ ಗಂಧದ ಮರಕ್ಕೆ ಮಾತ್ರ ಲೆಕ್ಕ ಇತ್ತು. ಮೈಸೂರಿನಲ್ಲಿ ಅರಸರ ಕಾಲದಿಂದಲೇ ಗಂಧ ಸರ್ಕಾರದ ಸೊತ್ತು. ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯ ತನಕ ಸ್ವಂತ ಜಮೀನಿನಲ್ಲಿ ಬೆಳೆದದ್ದೂ ಪೂರ್ತಿ ಬೆಳೆದವನದಾಗಿರಲಿಲ್ಲ. ಡಿಪೋದಲ್ಲಿ ಕೊರಡಿಗೆ ತೂಕವಿದೆ, ದರ್ಜೆಯಿದೆ. ಆ ಕೊರಡು ಉಳಿಯ ಕೆಳಗೆ ಏನಾಯಿತು ಎಂಬುದು ಯಾವ ಇಲಾಖೆಗೂ ಬೇಕಿರಲಿಲ್ಲ.

ಕಾವಿ ಕಲೆಯ ಸ್ಥಿತಿ ತುಸು ಬೇರೆ. ಚಿಪ್ಪಿನ ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಹದಕ್ಕೆ ಕೊಳೆಸಿದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಹಸಿಯಿರುವಾಗಲೇ ಚೂಪು ಕಡ್ಡಿಯಿಂದ ಕೆರೆದರೆ ಒಳಗಿನ ಬಿಳಿ ಕಾಣುತ್ತದೆ. ಕೆಂಪು-ಬಿಳಿ ಎರಡೇ ಬಣ್ಣ. ಕೈವಾರದಿಂದ ಎಳೆದ ಹೂವಿನ ವೃತ್ತಗಳು, ಅಂಚಿನ ಬಳ್ಳಿಗಳು ಅದ್ಭುತ. ಮನುಷ್ಯಾಕೃತಿಗಳು ಮಾತ್ರ ಆ ಎತ್ತರಕ್ಕೆ ಏರುವುದು ಅಪರೂಪ, ಸಾಲಾಗಿ ನಿಂತ ದೇವತೆಗಳಲ್ಲಿ ಒಬ್ಬರಿಂದ ಒಬ್ಬರಿಗೆ ಭಾವ ಹರಿಯುವುದಿಲ್ಲ. ಆದರೆ ಈ ಕಲೆಯಲ್ಲಿ ಗೋಡೆಯೇ ಒಂದಿಷ್ಟು ದಾಖಲೆ ಇಟ್ಟಿದೆ. ಹಸಿ ಆರುವುದರೊಳಗೆ ಕೆರೆದು ಮುಗಿಸಬೇಕಾದ್ದರಿಂದ ಒಂದು ಹೊತ್ತಿಗೆ ಎಷ್ಟು ಸಾಧ್ಯವೋ ಅಷ್ಟೇ ಬಳಿಯಬೇಕು. ಆ ತುಂಡುಗಳ ಸಂದು ಹುಡುಕಿದರೆ ಎಷ್ಟು ದಿನದ ಕೆಲಸ, ಎಷ್ಟು ಕೈಗಳು ಎಂಬುದನ್ನು ಅಂದಾಜು ಮಾಡಬಹುದು. ಜೀರ್ಣೋದ್ಧಾರವೆಂದು ಗಾರೆ ಕೆತ್ತಿ ಟೈಲ್ಸ್ ಅಂಟಿಸಿದಾಗ, ಅಥವಾ ಮೇಲೆ ಎಣ್ಣೆಬಣ್ಣ ಬಳಿದಾಗ ನಾವು ಸುಡುತ್ತಿರುವುದು ಈ ಕಡತವನ್ನೇ. ಹೊನ್ನಾವರದಲ್ಲಿ ಹುಟ್ಟಿದ ವಿಜ್ಞಾನಿ, ಲೇಖಕ ಕೃಷ್ಣಾನಂದ ಕಾಮತರು ಕ್ಯಾಮೆರಾ ಹಿಡಿದು ಗುಡಿಯಿಂದ ಗುಡಿಗೆ ಅಲೆಯದಿದ್ದರೆ ಕಾವಿ ಕಲೆ ಎಂಬ ವಿಷಯವೇ ನಮ್ಮ ಬರಹದಲ್ಲಿ ಇಷ್ಟು ಸ್ಪಷ್ಟವಾಗಿ ಇರುತ್ತಿರಲಿಲ್ಲ. 2002ರಲ್ಲಿ ಅವರು ತೀರಿಕೊಂಡ ಮೇಲೂ ಮನೆಯವರು ಆ ಚಿತ್ರಸಂಗ್ರಹವನ್ನು ಎಲ್ಲರಿಗೂ ಸಿಗುವಂತೆ ಕಾಪಾಡಿದ್ದಾರೆ. ಗ್ಯಾಲರಿ ಮಾಲೀಕನ ದಾಖಲೆಗೆ ನಮ್ಮಲ್ಲಿ ಅತಿ ಹತ್ತಿರದ್ದು ಅದೇ. ಏನನ್ನೂ ಮಾರದ ಒಬ್ಬ ಮನುಷ್ಯ ಅದನ್ನು ಮಾಡಿದರು ಎಂಬುದಕ್ಕೆ ನಾನು ಋಣಿ.

ಸಿದ್ದಾಪುರ, ಸಾಗರದ ದೀವರ ಹೆಂಗಸರು ಹಸೆಗೋಡೆಯ ಮೇಲೆ ಬರೆಯುವ ಚಿತ್ತಾರ ಉಳಿಯಲೆಂದು ಬರೆದದ್ದಲ್ಲ. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣು, ಪುಂಡಿನಾರಿನ ಕುಂಚ. ಮದುವೆ ಮುಗಿದು ಗೋಡೆಗೆ ಮತ್ತೆ ಮಣ್ಣು ಬಿದ್ದರೆ ಅದರ ಆಯುಸ್ಸು ಮುಗಿಯಿತು. ಆದರೂ ಯಾವ ಅಜ್ಜಿಯ ಎಳೆ ನೇರ, ಯಾರಿಂದ ಯಾರು ಕಲಿತರು ಎಂಬುದು ಆ ಕೇರಿಗಳಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಬಾಯಿಂದ ಬಾಯಿಗೆ ಬಂದ ಈ ತಿಳಿವಳಿಕೆಯನ್ನು ಬರೆದುಕೊಂಡವರು ತೀರಾ ಕಡಿಮೆ.

ಹೆಸರು ದಾಖಲಾದ ಕಲೆ ನಮ್ಮಲ್ಲಿ ಒಂದಿದೆ. ಅದು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡಂಚಿನ ಸಿದ್ದಿ ಹೆಂಗಸರ ಕೌದಿ. ಆಫ್ರಿಕನ್ ಕಲೆಯ ವಿದ್ವಾಂಸ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು ಕೌದಿಗಳನ್ನು ನೋಡಿ ಬೆರಗಾದರು. ಅವರ ಒತ್ತಾಸೆಯಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ರೂಪುಗೊಂಡಿತು, 2011ರಲ್ಲಿ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್ಮಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಹೊಲಿದವಳ ಹೆಸರು ಕೌದಿಯ ಜೊತೆಗೇ ಹೋಯಿತು. ಇತ್ತೀಚೆಗೆ ಬೆಂಗಳೂರಿನ ಅನಿತಾ ರೆಡ್ಡಿಯವರು ಈ ಹೆಂಗಸರ ಜೊತೆ ಕೂತು ಮಾಡುತ್ತಿರುವ ಕೆಲಸವೂ ಗ್ಯಾಲರಿಗಳನ್ನು ತಲುಪಿದೆ.

ಹೆಸರು ಸಿಕ್ಕ ಕೂಡಲೇ ವಿಮರ್ಶೆ ಸಾಧ್ಯವಾಯಿತು. ಸಿದ್ದಿ ಕೌದಿಯನ್ನು ಮೂಲೆಯಿಂದ ಹಿಡಿದು ಅಂಚಿನ ಸುತ್ತ ಹೊಲಿಯುತ್ತ ಒಳಕ್ಕೆ ಬರುತ್ತಾರೆ, ನಡುವಿನ ಭಾಗ ಕೊನೆಗೆ ತುಂಬುತ್ತದೆ. ಮೊದಲೇ ಗೆರೆ ಹಾಕಿದ ನಕ್ಷೆ ಇಲ್ಲ. ಒಳಕ್ಕೆ ಬಂದಂತೆ ಜಾಗ ಕಿರಿದಾಗಿ, ಕೈಗೆ ಸಿಕ್ಕ ಹಳೇ ಸೀರೆಯ ಚೂರಿಗೂ ಆಗಲೇ ಕೂತ ಬಣ್ಣಕ್ಕೂ ಹೊಂದಾಣಿಕೆ ಅಲ್ಲೇ ಆಗಬೇಕು. ಗಟ್ಟಿಗಿತ್ತಿ ಯಾರು, ಬರೀ ಅಚ್ಚುಕಟ್ಟುಗಾರ್ತಿ ಯಾರು ಎಂಬುದು ತಿಳಿಯುವುದು ಈ ನಡುಭಾಗದಲ್ಲಿ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಇಡುವ ಹೂವು ಇಲ್ಲದಿದ್ದರೆ ಕೌದಿ ಬತ್ತಲೆ ಎನ್ನುತ್ತಾರೆ. ಒಬ್ಬಳ ಹತ್ತಾರು ಕೌದಿಗಳನ್ನು ಒಟ್ಟಿಗೆ ನೋಡಲು ಸಾಧ್ಯವಾದದ್ದರಿಂದಲೇ ಅವಳ ದಾರಿ ಇಂಥದು ಎಂದು ಹೇಳುವ ಧೈರ್ಯ ಬರುತ್ತದೆ. ಗುಡಿಗಾರರ ವಿಚಾರದಲ್ಲಿ ನಮಗೆ ಇಲ್ಲದ್ದು ಇದೇ.

ಇದರಲ್ಲೂ ನನಗೆ ಎರಡು ತಕರಾರುಗಳಿವೆ. ಕೌದಿ ಹಾಸಲಿಕ್ಕೆ, ಹೊದೆಯಲಿಕ್ಕೆ ಇದ್ದದ್ದು. ಮೈಗೆ ತಾಗುವ ಹಿಂಬದಿಗೂ ಅದರಲ್ಲಿ ಬೆಲೆಯಿತ್ತು. ಗೋಡೆಗೆ ನೇತುಹಾಕಿದ ಮೇಲೆ ಮುಂಬದಿ ಮಾತ್ರ ಉಳಿಯುತ್ತದೆ, ಕೊಳ್ಳುವವರ ಗೋಡೆಯ ಅಳತೆ ಕೌದಿಯ ಅಳತೆಯಾಗುವ ಅಪಾಯವಿದೆ. ಎರಡನೆಯದು ಇದಕ್ಕಿಂತ ದೊಡ್ಡದು. ಈ ಕಲೆಯ ಬಗ್ಗೆ ವ್ಯವಸ್ಥಿತವಾಗಿ ಬರೆದದ್ದರ ಬಹುಪಾಲು ಇಂಗ್ಲಿಷಿನಲ್ಲಿ, ಹೊರಗಿನವರ ಟಿಪ್ಪಣಿ ಪುಸ್ತಕಗಳಲ್ಲಿ ಇದೆ. ಹೊಲಿದವಳ ಮೊಮ್ಮಗಳು ಯಲ್ಲಾಪುರದ ಕಾಲೇಜಿನಲ್ಲಿ ಓದುತ್ತಿದ್ದರೆ, ತನ್ನ ಅಜ್ಜಿಯ ಕೆಲಸದ ಪಟ್ಟಿ ನೋಡಲು ಅವಳಿಗೆ ಅದೇ ಊರಿನಲ್ಲಿ ಒಂದು ಕಪಾಟು ಇರಬೇಕು. ಡ್ರೂವಲ್ ಅವರ ಮೇಲೆ ನನಗೆ ದೂರಿಲ್ಲ, ಅವರು ಬಂದು ಬರೆದುಕೊಂಡರು. ನಮ್ಮ ವಿಶ್ವವಿದ್ಯಾಲಯ, ಅಕಾಡೆಮಿಗಳೂ ಹಾಗೆಯೇ ಹೋಗಿ ಕೂತು ಬರೆದುಕೊಳ್ಳಬೇಕಿತ್ತು.

ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದು ನನಗೆ ಖಚಿತ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ದೇವಿಯ ಮರದ ಮೂರ್ತಿಗೆ ಹೊಸ ಬಣ್ಣ ಏರುತ್ತದೆ, ರಥಕ್ಕೆ ಕಾಡಿನಿಂದ ಮರ ಬರುತ್ತದೆ. ಬಣ್ಣಕ್ಕೆ ಕೂತವರು, ಮರಗೆಲಸ ಮಾಡಿದವರು ಯಾರು ಎಂಬುದನ್ನು ಪ್ರತಿ ಜಾತ್ರೆಗೂ ಒಂದು ಪುಟದಲ್ಲಿ ಬರೆದಿಟ್ಟರೆ ಹತ್ತು ಜಾತ್ರೆಗೆ ಇಪ್ಪತ್ತು ವರ್ಷದ ಚರಿತ್ರೆ ಕೂಡುತ್ತದೆ. ದೇವಸ್ಥಾನಗಳ ಹಳೆಯ ಖರ್ಚಿನ ಕಿರ್ದಿಗಳಲ್ಲಿ ಗಾರೆಯವನಿಗೆ, ಬಣ್ಣದವನಿಗೆ ಕೊಟ್ಟ ಕೂಲಿಯ ಬಾಬತ್ತು ಉಳಿದಿದೆಯೇ ಎಂದು ಹುಡುಕಬೇಕು. ಗುಡಿಗಾರರ ಮನೆಗಳಲ್ಲಿ ಮುಂಗಡ ಬರೆದುಕೊಂಡ ಪುಸ್ತಕಗಳು, ನಕ್ಷೆ ತೆಗೆದ ಹಾಳೆಗಳು, ನಿಗಮದ ಬಿಲ್ಲುಗಳು ರದ್ದಿಗೆ ಹೋಗುವ ಮೊದಲು ಅವುಗಳ ಚಿತ್ರ ತೆಗೆದಿಡಬೇಕು. ಮಾರಾಟ ಸಂಘಗಳ ಪುಸ್ತಕ ಬರೆದು ನಿವೃತ್ತರಾದ ಗುಮಾಸ್ತರು ಈ ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈ ಕೆಲಸಕ್ಕೆ ಅವರಿಗಿಂತ ತಕ್ಕವರನ್ನು ನಾನು ಕಾಣೆ. ಸೊರಬದ ಪೆಟ್ಟಿಗೆ, ಶಿರಸಿಯ ಪೆಟ್ಟಿಗೆ ಒಂದೇ ಮನೆತನದ ಕೈಗಳೋ ಬೇರೆಯೋ ಎಂಬ ಪ್ರಶ್ನೆಯನ್ನು ಅವರ ಮುಂದೆ ಮೊದಲಿಗೆ ಇಡಬೇಕು. ಆ ಪುಸ್ತಕಗಳು ಸಿಕ್ಕರೆ ಅದನ್ನು ಒಂದು ಮಳೆಗಾಲದಲ್ಲಿ ಇತ್ಯರ್ಥ ಮಾಡಬಹುದು.