ಮೂರು ಅಂಕದ ಅಲಂಕಾರ, ಮಕ್ಕಳ ಕಥೆ

ಹತ್ತನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಅಲಂಕಾರಕ್ಕೆ ಮೂರು ಅಂಕ. ಒಂದು ವಾಕ್ಯ ಕೊಡುತ್ತಾರೆ. ಅಲಂಕಾರದ ಹೆಸರು, ಲಕ್ಷಣ, ಸಮನ್ವಯ ಬರೆದರೆ ಆಯಿತು. ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ ಎಂದು ನಾಲ್ಕು ಸಾಲು ಬರೆದ ಹುಡುಗಿಗೆ ಪೂರ್ತಿ ಅಂಕ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಶಾಲೆಗಳಲ್ಲೂ ಇದೇ ಕ್ರಮ. ಆದರೆ ಅದೇ ಹುಡುಗಿಯ ಕೈಗೆ ಒಂದು ಕಥೆ ಕೊಟ್ಟು, ಇದರಲ್ಲಿ ಯಾವ ಮಾತು ನಿನ್ನ ಮೈ ಮುಟ್ಟಿತು ಎಂದು ಕೇಳಿದರೆ ಬಹಳ ಸಲ ಉತ್ತರ ಬರುವುದಿಲ್ಲ. ಅಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿಯೇ ಇಲ್ಲ. ನಮ್ಮ ಅಲಂಕಾರ ಪರಂಪರೆಯಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಭಾಗವನ್ನೇ ಶಾಲೆ ಕೈಬಿಟ್ಟಿದೆ ಎಂಬುದು ನನ್ನ ತಕರಾರು.

ಆ ಭಾಗದ ಹೆಸರು ಸ್ವಭಾವೋಕ್ತಿ, ಹಳೆಯ ಹೆಸರು ಜಾತಿ. ಇರುವುದನ್ನು ಇರುವ ಹಾಗೆ, ಕಣ್ಣಿಗೆ ಕಟ್ಟುವಂತೆ ಹೇಳುವುದು, ಹೋಲಿಕೆಯ ಹಂಗಿಲ್ಲ. ಸಂಸ್ಕೃತದಲ್ಲಿ ದಂಡಿ ಅರ್ಥಾಲಂಕಾರಗಳ ಸಾಲಿನಲ್ಲಿ ಇದನ್ನೇ ಮೊದಲಿಗೆ ಇಟ್ಟ. ಕನ್ನಡದ ಮೊದಲ ಲಕ್ಷಣಗ್ರಂಥವಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಬಹುಮಟ್ಟಿಗೆ ದಂಡಿಯ ಹಾದಿಯಲ್ಲೇ ನಡೆದದ್ದು. ತಿರುಳುಗನ್ನಡದ ಸೀಮೆ ಎಂದು ಆ ಗ್ರಂಥ ಗುರುತಿಸುವ ಊರುಗಳಲ್ಲಿ ಒಂದಾದ ಕಿಸುವೊಳಲು ನಮ್ಮದೇ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು. ಅಲಂಕಾರದ ಮೊದಲ ಪಾಠ ಹುಟ್ಟಿದ ಕನ್ನಡದ ನಡುಮನೆಯಲ್ಲೇ ನಾವಿದ್ದೇವೆ. ಆದರೂ ನಮ್ಮ ಮಕ್ಕಳು ಕಲಿಯುವುದು ಸಾಮಾನ್ಯವಾಗಿ ಉಪಮೆ, ರೂಪಕ, ಉತ್ಪ್ರೇಕ್ಷೆ, ದೃಷ್ಟಾಂತ, ಅರ್ಥಾಂತರನ್ಯಾಸಗಳನ್ನು. ಇವೆಲ್ಲ ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವ ಅಲಂಕಾರಗಳು. ಮೊದಲಿನದನ್ನೇ ಸರಿಯಾಗಿ ನೋಡದ ಮಗುವಿಗೆ ಎರಡನೆಯದು ಎಲ್ಲಿಂದ ಸಿಗಬೇಕು? ಆಗ ಮುಖವೆಂದರೆ ಕಮಲ, ಕಣ್ಣೆಂದರೆ ಮೀನು, ನಡೆಯೆಂದರೆ ಹಂಸ. ಬಯಲುಸೀಮೆಯ ಎಷ್ಟು ಮಕ್ಕಳು ಹಂಸ ನಡೆಯುವುದನ್ನು ನೋಡಿದ್ದಾರೆ?

ಇನ್ನೊಂದು ವಿಂಗಡಣೆಯೂ ನಷ್ಟ ಮಾಡಿದೆ. ಘಮಘಮ, ಚುರುಚುರು, ದಬದಬ, ಜುಳುಜುಳು: ಮೂಗು, ನಾಲಿಗೆ, ಚರ್ಮ, ಕಿವಿಗಳನ್ನು ಒಮ್ಮೆಗೇ ಎಬ್ಬಿಸುವ ಇಂಥ ಮಾತುಗಳಲ್ಲಿ ಕನ್ನಡ ಶ್ರೀಮಂತ. ಶಾಲೆಯಲ್ಲಿ ಇವು ಅನುಕರಣಾವ್ಯಯ ಎಂಬ ತಲೆಬರಹದ ಕೆಳಗೆ ವ್ಯಾಕರಣಕ್ಕೆ ಸೇರಿವೆ. ಹೋಲಿಕೆ ಅಲಂಕಾರದ ಪಾಠಕ್ಕೆ, ಕಥೆ ಗದ್ಯಭಾಗಕ್ಕೆ. ಕಥೆ ಓದುವ ಗಳಿಗೆಯಲ್ಲಿ ಈ ಮೂರೂ ಒಟ್ಟಿಗೇ ಕೆಲಸ ಮಾಡುತ್ತವೆ ಎಂದು ಮಗುವಿಗೆ ಹೇಳುವವರಿಲ್ಲ.

ಮುಧೋಳದ ರನ್ನನನ್ನೇ ನೋಡೋಣ. ಬಳೆಗಾರರ ಮನೆಯಲ್ಲಿ ಹುಟ್ಟಿದ, ಹತ್ತನೆಯ ಶತಮಾನದ ಈ ಕವಿಯ ‘ಗದಾಯುದ್ಧ’ದಲ್ಲಿ ದುರ್ಯೋಧನ ವೈಶಂಪಾಯನ ಸರೋವರದ ನೀರಿನಲ್ಲಿ ಅಡಗಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ನೀರಿನೊಳಗೆ ಕುಳಿತವನಿಗೆ ಬೆವರು ಬರುತ್ತದೆ. ತರಗತಿಯಲ್ಲಿ ಈ ಜಾಗ ಬಂದಾಗ ‘ಇದು ಯಾವ ಅಲಂಕಾರ’ ಎಂದು ಕೇಳಿದರೆ ಪಾಠ ಅಲ್ಲಿಗೇ ಮುಗಿಯುತ್ತದೆ. ‘ನೀರಿನಲ್ಲಿದ್ದವನಿಗೆ ಬೆವರು ಬಂದದ್ದು ಹೇಗೆ ಗೊತ್ತಾಗುತ್ತದೆ? ಹೊರಗೆ ತಣ್ಣಗಿದ್ದು ಒಳಗೆ ಕುದಿಯುವುದು ಅಂದರೆ ಏನು?’ ಎಂದು ಕೇಳಿ ನೋಡಿ. ಹದಿಮೂರರ ಹುಡುಗ ಕೂಡಲೇ ಗುರುತು ಹಿಡಿಯುತ್ತಾನೆ. ಪರೀಕ್ಷೆಯ ದಿನ ಬೆಳಿಗ್ಗೆ ಅವನ ಅಂಗೈ ಒದ್ದೆಯಾಗಿರುತ್ತದೆ. ದುರ್ಯೋಧನನ ಹೆದರಿಕೆ, ಅವಮಾನಗಳನ್ನು ಹೆಸರಿಸದೆ ಕವಿ ಅವುಗಳನ್ನು ಚರ್ಮದ ಮೇಲೆ ತೋರಿಸಿದ. ಹೆಸರು ಹಚ್ಚುವ ಕೆಲಸ ಆಮೇಲೆ ಮಾಡಿದರೂ ನಡೆದೀತು.

ಜನಪದ ಕಥೆಗೆ ಬಂದರೆ ರೂಪಕದ ಕೆಲಸ ಇನ್ನೂ ನೇರ. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ ಕನ್ನಡದ ಅನೇಕ ಕಥೆಗಳನ್ನು ಕೂಡಿಸಿದರು. ಅವುಗಳಲ್ಲಿ ಹೂವಿನ ಮರವಾಗುವ ಹುಡುಗಿಯ ಕಥೆಯನ್ನು ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಚಿತ್ರ ಮಾಡಿದರು. ಒಂದು ಕೊಡ ನೀರು ಮೈಮೇಲೆ ಸುರಿದರೆ ಹುಡುಗಿ ಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಹೂವನ್ನು ನೋವಾಗದಂತೆ ಬಿಡಿಸಬೇಕು, ಟೊಂಗೆ ಮುರಿಯಬಾರದು. ನಾದಿನಿ ಮತ್ತು ಅವಳ ಗೆಳತಿಯರು ಮುರಿದರು. ಹುಡುಗಿ ಕೈಕಾಲಿಲ್ಲದ ಮೊಂಡು ದೇಹವಾಗಿ ಉಳಿದಳು. ಇಲ್ಲಿ ಹೆಣ್ಣು ಬಳ್ಳಿಯ ಹಾಗೆ ಎಂದು ಯಾರೂ ಹೋಲಿಸುವುದಿಲ್ಲ. ಅವಳು ಮರವೇ ಆಗುತ್ತಾಳೆ, ಟೊಂಗೆ ಮುರಿದಾಗ ಕೇಳುವ ಮಗು ತನ್ನ ತೋಳು ಮುಟ್ಟಿ ನೋಡಿಕೊಳ್ಳುತ್ತದೆ. ರೂಪಕಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಇಂಥ ಆಸ್ತಿ ಇದ್ದೂ ನಮ್ಮ ಭಾಗದ ಮಕ್ಕಳ ಸಾಹಿತ್ಯ ಬಹುಕಾಲ ಪದ್ಯವನ್ನೇ ನೆಚ್ಚಿಕೊಂಡಿತು. ಅವಿಭಜಿತ ವಿಜಾಪುರ ಜಿಲ್ಲೆಯಲ್ಲಿ ಶರಣಪ್ಪ ಕಂಚ್ಯಾಣಿ, ಸಿಂದಗಿಯ ಹ.ಮ. ಪೂಜಾರ ಅವರಂಥವರು ಮಕ್ಕಳ ಕಿವಿಯನ್ನು ಚೆನ್ನಾಗಿ ಬಲ್ಲವರು. ಗದ್ಯಕ್ಕೆ ಆ ಭಾಗ್ಯ ಬರಲಿಲ್ಲ. ಬಹುಪಾಲು ಮಕ್ಕಳ ಕಥೆಗಳಲ್ಲಿ ಊರಿಗೆ ಹೆಸರಿಲ್ಲ, ಅಡುಗೆಮನೆಗೆ ವಾಸನೆಯಿಲ್ಲ, ಕಾಡು ಯಾವಾಗಲೂ ‘ದಟ್ಟ’, ಅರಸ ಯಾವಾಗಲೂ ‘ಧರ್ಮಿಷ್ಠ’. 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದಲ್ಲಿ ಬಣ್ಣದ ಚಿತ್ರಗಳು ಆ ಕೊರತೆ ತುಂಬಿದವು. ಚಿತ್ರವಿಲ್ಲದ, ನೀತಿಯೇ ಮುಂದಾದ ಕಥಾಪುಸ್ತಕಗಳಲ್ಲಿ ಅದನ್ನು ತುಂಬುವುದಕ್ಕೆ ಏನೂ ಇರಲಿಲ್ಲ.

ಈಚೆಗೆ ಗಾಳಿ ಬದಲಾಗಿದೆ, ಇದು ಸಂತೋಷದ ಮಾತು. ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಕೃತಿಗಳಿಗೆ 2022 ಮತ್ತು 2023ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಎರಡರ ಬೇರೂ ಲೇಖಕರು ಕಂಡುಂಡ ನೆಲದಲ್ಲಿದೆ. ಅದಕ್ಕೂ ಮೊದಲು ನಾ. ಡಿಸೋಜ ಅವರು ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಯಲ್ಲಿ ಶರಾವತಿಯ ಮುಳುಗಡೆಯನ್ನು ಮಕ್ಕಳ ಮುಂದಿಟ್ಟಿದ್ದರು. ಆಲಮಟ್ಟಿ ಹಿನ್ನೀರಿಗೆ ಬೀಳಗಿ ತಾಲೂಕಿನ ಊರುಗಳು ಹೋದವು, ಹಳೆಯ ಬಾಗಲಕೋಟೆಯ ಓಣಿಗಳು ಹೋದವು. ನೀರು ಬಂದಾಗ ಗೋಡೆಯ ಮಣ್ಣು ಹೇಗೆ ವಾಸನೆ ಬಡಿಯಿತು, ಕದ ಕಿತ್ತ ಮನೆಯಲ್ಲಿ ಮಾತು ಹೇಗೆ ಕೇಳುತ್ತಿತ್ತು ಎಂದು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಅದನ್ನು ಮಕ್ಕಳಿಗಾಗಿ ಬರೆದ, ಡಿಸೋಜರ ಪಕ್ಕದಲ್ಲಿಡಬಹುದಾದ ಕಾದಂಬರಿ ನನ್ನ ಕಣ್ಣಿಗೆ ಬಿದ್ದಿಲ್ಲ. ಈ ಪರಂಪರೆಯ ದೊಡ್ಡ ಸೋಲು ಇದು ಎಂದೇ ನಾನು ಭಾವಿಸುತ್ತೇನೆ.

ಬನಹಟ್ಟಿಯ ಮಕ್ಕಳಿಗೆ ಸ್ವಭಾವೋಕ್ತಿ ದೂರದ್ದಲ್ಲ. ಮಗ್ಗದ ಮನೆಯಲ್ಲಿ ಬೆಳೆದ ಮಗು, ‘ಮಗ್ಗ ಚಾಲೂ ಆದಾಗ ಗೋಡೆಗೆ ಆನಿಸಿಟ್ಟ ತಾಟು ಸಣ್ಣಗೆ ನಡುಗತೈತಿ, ಅಪ್ಪನ ಹುಬ್ಬಿನ ಮ್ಯಾಲ ನೂಲಿನ ಧೂಳ ಕೂತಿರತೈತಿ’ ಎಂದು ಬರೆದರೆ ಅದರಲ್ಲಿ ಉಪಮಾನವಿಲ್ಲ, ವಾಚಕಪದವಿಲ್ಲ. ಈಗಿನ ಲೆಕ್ಕದಲ್ಲಿ ಅಂಕವೂ ಇಲ್ಲ. ಬದಲಿಗೆ ‘ನಡುಗತೈತಿ’ ಎಂಬುದಕ್ಕೆ ಕೆಂಪು ಗೆರೆ ಬೀಳುತ್ತದೆ. ಗ್ರಾಂಥಿಕ ಕನ್ನಡ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಡದ್ದನ್ನು ಮೊದಲು ಬಾಯಿಗೆ ಬಂದ ಮಾತಿನಲ್ಲಿ ಬರೆಯಲು ಬಿಟ್ಟು ಆಮೇಲೆ ತಿದ್ದಬಹುದಲ್ಲ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನ ಕೋರಿಕೆ ಇದು: ಆ ಮೂರು ಅಂಕದಲ್ಲಿ ಒಂದನ್ನು ಹೆಸರು, ಲಕ್ಷಣಗಳಿಗೆ ಇಟ್ಟುಕೊಳ್ಳಿ. ಉಳಿದ ಎರಡನ್ನು, ಮಗು ಹಿಂದೆ ಓದಿರದ ಕಥೆಯ ಒಂದು ತುಣುಕು ಕೊಟ್ಟು, ಇದರಲ್ಲಿ ನಿನಗೆ ಏನು ಕಂಡಿತು, ಏನು ಕೇಳಿಸಿತು, ಯಾವ ಮಾತಿನಿಂದ ಹಾಗಾಯಿತು ಎಂಬ ಪ್ರಶ್ನೆಗೆ ಕೊಡಿ.